ಹದ್ದಿನ ಕಣ್ಣು, ಗುಳುಮುಳುಕದ ಉಸಿರು

ಹಿಮ ಕರಗಿ ತುಂಬಿದ ಬೆಟ್ಟದ ಸರೋವರದಲ್ಲಿ ತಾಯಿ ಗುಳುಮುಳುಕ ಹಕ್ಕಿಯೊಂದು, ನಿನ್ನೆಯಿಂದ ಹಸಿದಿದ್ದ ತನ್ನ ಮರಿಗಾಗಿ ಮೀನು ಹುಡುಕುತ್ತಿತ್ತು. ಎಂದೂ ರೆಕ್ಕೆ ಒದ್ದೆ ಮಾಡಿಕೊಳ್ಳದ ಹದ್ದೊಂದು ದಡದ ಬಂಡೆಯ ಮೇಲಿಂದ ಹೇಳಿತು: "ತಂಗೀ, ಆ ಬಿಳಿಗಲ್ಲಿನ ಪಕ್ಕದಲ್ಲೇ ಮೀನಿದೆ. ನೀರು ಮೊಣಕಾಲುದ್ದವೂ ಇಲ್ಲ."

ಗುಳುಮುಳುಕ ಮುಳುಗಿತು. ಎಷ್ಟು ಇಳಿದರೂ ಕಲ್ಲು ಇನ್ನೂ ಕೆಳಗೇ ಇತ್ತು. ಅರ್ಧ ದಾರಿಯಲ್ಲೇ ಉಸಿರು ಮುಗಿದು, ಬರಿಗೊಕ್ಕಿನಲ್ಲಿ ಮೇಲೆ ಬಂತು.

"ಅಷ್ಟು ಹತ್ತಿರದ್ದೂ ಸಿಗಲಿಲ್ಲವೇ? ನನಗೆ ಅದರ ಹುರುಪೆ ಕೂಡ ಕಾಣುತ್ತಿದೆಯಲ್ಲ," ಎಂದು ಹದ್ದು ನಕ್ಕಿತು.

"ಕಣ್ಣು ನಿಮ್ಮದು ಅಣ್ಣಾ, ಉಸಿರು ನನ್ನದು," ಎಂದ ಗುಳುಮುಳುಕ ಈ ಸಲ ಮುಳುಗಲಿಲ್ಲ. ತೇಲುತ್ತಲೇ ಮುಖವನ್ನಷ್ಟೇ ನೀರೊಳಗಿಟ್ಟು ನೋಡಿತು. ಚಳಿಗೆ ಕಣ್ಣು ಉರಿದರೂ ತಲೆ ಎತ್ತಲಿಲ್ಲ. ತಿಳಿನೀರು ಮುಚ್ಚಿಟ್ಟಿದ್ದ ಆಳ ಆಗ ಕಂಡಿತು. ಗರಿಗಳೊಳಗಿನ ಗಾಳಿಯನ್ನೆಲ್ಲ ಹಿಂಡಿ ಹೊರಹಾಕಿ, ಗುಂಡುಕಲ್ಲಿನಂತೆ ನೇರ ಇಳಿದು ಮೀನು ತಂದಿತು.

"ನಾನು ಹೇಳಿದ ಜಾಗವೇ ತಾನೇ?" ಎಂದಿತು ಹದ್ದು.

ಗುಳುಮುಳುಕ ಮರಿಯ ಬಳಿಗೆ ಈಜಿ ಉಣಿಸಿತು. ಮರಿ ನುಂಗಿ, "ಅಮ್ಮಾ, ಇನ್ನೊಂದು ಎಲ್ಲಿದೆಯೆಂದು ಹದ್ದುಮಾವನನ್ನು ಕೇಳಲೇ?" ಎಂದಿತು.

"ಕೇಳು ಮಗಾ. ಕೇಳಿದ ಮೇಲೆ ಮುಖ ಒದ್ದೆ ಮಾಡಿಕೊಂಡು ನೋಡು."