ದೇಸಾಯಿ ಅತ್ತ ಹೊಂಡ

ಬಿಳೇಕಲ್ಲೂರಿನ ಪಡುವಣಕ್ಕೆ ಸುಣ್ಣದಕಲ್ಲಿನ ಒಂದು ಬೋಳು ಗುಡ್ಡವಿದೆ. ಅದರ ಬುಡದಲ್ಲಿ, ಹಿಂದಿನವರು ಕಲ್ಲು ಒಡೆದು ಒಡೆದು ಆದ ತಗ್ಗಿನಲ್ಲಿ, ಜೋಡೆತ್ತು ಇಳಿದು ನಿಲ್ಲುವಷ್ಟು ಅಗಲದ ಹೊಂಡ. ಸುತ್ತಲಿನ ಎರೆಭೂಮಿ ಬಿರುಕು ಬಿಟ್ಟಾಗಲೂ ಇದರಲ್ಲಿ ಮೊಳಕಾಲುಮಟ್ಟ ನೀರು ಇದ್ದೇ ಇರುತ್ತದೆ. ಕಣ್ಣಲ್ಲಿ ನೀರಾಡದೆ, ರೆಪ್ಪೆಯೊಳಗೆ ಮರಳು ಹೊಕ್ಕಂತೆ ಕರಕರ ಎಂದು ಒದ್ದಾಡುವವರು, ಡಾಕ್ಟರ ಹನಿ ಹಾಕಿ ಹಾಕಿ ಬೇಸತ್ತವರು, ಅಮಾವಾಸ್ಯೆಗೆ ಬಂದು ಇಲ್ಲಿ ಕಣ್ಣು ತೊಳೆದುಕೊಳ್ಳುತ್ತಾರೆ. ನೀರು ಒಂದಿಷ್ಟು ಉಪ್ಪುಪ್ಪು. ಅದು ಕಲ್ಲಿನ ಗುಣವೆಂದು ಓದಿದವರು ಹೇಳಬಹುದು. ಊರಿನ ಹಿರಿಯರಿಗೆ ಆ ಮಾತು ಸೇರುವುದಿಲ್ಲ. ಅದು ಒಬ್ಬ ಮನುಷ್ಯನನ್ನು ಹಿಂಡಿ ತೆಗೆದ ನೀರು, ಹಿಂಡಿದವಳು ಒಬ್ಬ ಹೆಣ್ಣುಮಗಳು ಎನ್ನುತ್ತಾರೆ ಅವರು.

ಹಿಂದೆ ಒಮ್ಮೆ, ಈ ಸೀಮೆ ಬಸಲಿಂಗ ದೇಸಾಯಿಯ ಕೈಯಲ್ಲಿದ್ದಾಗ, ಗುಡ್ಡದ ಬುಡದಲ್ಲಿ ಯಮನಪ್ಪನೆಂಬ ಸುಣಗಾರನೂ ಅವನ ಹೆಂಡತಿ ಫಕೀರವ್ವನೂ ಭಟ್ಟಿಯಲ್ಲಿ ಸುಣ್ಣ ಸುಟ್ಟು ಬದುಕುತ್ತಿದ್ದರು. ದೇಸಾಯಿ ಮಗಳ ಮದುವೆಗೆಂದು ಹೊಸ ವಾಡೆ ಕಟ್ಟಿಸಿದ. ಸುಟ್ಟ ಸುಣ್ಣ ನೀರಿನಲ್ಲಿ ಅರಳಿ, ಕುಣಿಯಲ್ಲಿ ನೆನೆದು ಹದಕ್ಕೆ ಬರಬೇಕು. ಇಲ್ಲವಾದರೆ ಅರಳದೆ ಉಳಿದ ಹರಳು ಗೋಡೆಯ ಮೇಲೆ ಸಿಡಿಯುತ್ತದೆ. ಯಮನಪ್ಪ ಕೈಮುಗಿದು ಇದನ್ನು ಹೇಳಿದ. ಆತುರಗಾರನಿಗೆ ಬುದ್ಧಿ ಮಟ್ಟ. ದೇಸಾಯಿ ಆಳುಗಳನ್ನು ಕಳಿಸಿ ಹದಗೊಳ್ಳದ ಸುಣ್ಣವನ್ನೇ ಎತ್ತಿಸಿಕೊಂಡು ಹೋದ. ಬೀಗರು ಬಂದಿಳಿದ ದಿನವೇ ಗೋಡೆ ಪಟಪಟನೆ ಸಿಡಿದು ಚಕ್ಕೆಗಳು ಅವರು ಉಣ್ಣುವ ಎಲೆಯ ಮೇಲೆ ಬಿದ್ದವು. ಮುಖ ಕೆಟ್ಟ ದೇಸಾಯಿ, ಸುಣ್ಣದಲ್ಲಿ ಕಲಬೆರಕೆ ಮಾಡಿದ್ದಾನೆಂದು ಯಮನಪ್ಪನನ್ನು ನಡುಹಗಲಿನಲ್ಲಿ ಈ ತಗ್ಗಿನ ಬಂಡೆಗೆ ಕಟ್ಟಿಸಿದ. ನೀರು ಕೊಟ್ಟವರ ಕೈ ಕಡಿಸುವೆನೆಂದ. ಹೊತ್ತು ಇಳಿಯುವುದರೊಳಗೆ ಬಡವನ ಪ್ರಾಣ ಹೋಯಿತು.

ಈ ಸೀಮೆಯಲ್ಲಿ ಸತ್ತವರನ್ನು ಸುಮ್ಮನೆ ಕಳಿಸುವುದಿಲ್ಲ. ಹೆಂಗಸರು ಮುಂದೆ ಕುಳಿತು, ಸತ್ತವನ ಒಂದೊಂದು ಗುಣ ಎತ್ತಿ ಹಾಡ್ಯಾಡಿ ಅಳಬೇಕು. ಅಳಿಸಿಕೊಳ್ಳದೆ ಹೋದವನು ಬಾಯಾರಿಕೊಂಡೇ ತಿರುಗುತ್ತಾನೆಂಬ ನಂಬಿಕೆ. ಆದರೆ ಮದುವೆಮನೆಯ ಕಿವಿಗೆ ಅಳುವಿನ ದನಿ ಬಿದ್ದರೆ ಅಪಶಕುನವಲ್ಲವೇ? ಬೀಗರು ಹೋಗುವವರೆಗೆ ಯಾರೂ ಸೊಲ್ಲೆತ್ತಕೂಡದೆಂದು ದೇಸಾಯಿಯ ಆಳುಗಳು ದೊಣ್ಣೆ ಹಿಡಿದು ನಿಂತರು. ಫಕೀರವ್ವ ಸೆರಗನ್ನು ಬಾಯಿಗೆ ತುರುಕಿಕೊಂಡು ಗಂಡನನ್ನು ತಗ್ಗಿನಲ್ಲೇ ಮಣ್ಣು ಮಾಡಿದಳು. ಬೀಗರು ಹೋದ ಮೇಲೆ ಓಣಿಯ ಹೆಂಗಸರು ಬಂದು, ‘ಈಗರ ಅತ್ತಬಿಡ ಯವ್ವಾ’ ಎಂದರು. ಅಳು ಬರಲಿಲ್ಲ, ಕಣ್ಣು ಬತ್ತಿಹೋಗಿತ್ತು. ಮುಂಜಾನೆ ಅಂಟಿದ ರೆಪ್ಪೆ ಬಿಡಿಸಿದರೆ ಚರ್ಮ ಸುಲಿದಂತಾಗುತ್ತಿತ್ತು. ಗಾಳಿ ಬೀಸಿದರೆ ಉರಿ, ದೀಪ ಕಂಡರೆ ಉರಿ. ಗಂಡನನ್ನು ಕೊಂದದ್ದಲ್ಲದೆ ಅವನಿಗೆ ಸಲ್ಲಬೇಕಾದ ಅಳುವನ್ನೂ ಕಸಿದುಕೊಂಡನಲ್ಲ ಎಂದು ಅವಳಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ವಾಡೆಯ ಕಡೆಗೆ ಹಿಡಿಮಣ್ಣು ತೂರಿ, ‘ಅವನ ಅಳು ನಿನ್ನ ಬಾಯಿಂದನ ಬರಬೇಕು, ಬರದ ದಿನಾ ನಿನ್ನ ಕಣ್ಣೂ ಬತ್ತಲಿ’ ಎಂದು ಶಪಿಸಿದಳು.

ಬತ್ತಿಯೇ ಬಿಟ್ಟವು. ಗೋಡೆಯಿಂದ ಉದುರಿದ ಸುಣ್ಣದ ಧೂಳೇ ಕಾರಣವೆಂದು ವಾಡೆಯವರು ಹೇಳಿಕೊಂಡರು, ಹೇಳಿಕೊಳ್ಳಲಿ ಪಾಪ. ಬಾಣಂತಿಯ ಎದೆಹಾಲು ಬಿಟ್ಟರು, ಅಂಗಾಲಿಗೆ ಹರಳೆಣ್ಣೆ ತಿಕ್ಕಿದರು, ನಂದಿಬಟ್ಟಲ ಹೂವು ಕಟ್ಟಿದರು. ಕೊನೆಗೆ ಪಡಸಾಲೆಯಲ್ಲಿ ಉಳ್ಳಾಗಡ್ಡಿಯ ರಾಶಿ ಹಾಕಿ ಹೆಚ್ಚಿಸಿದರು. ಆಳುಕಾಳು ಅತ್ತರು, ಕಾರಭಾರಿ ಅತ್ತ, ದೇಸಾಯಿಯೊಬ್ಬ ಅಳಲಿಲ್ಲ. ಆಗ ಫಕೀರವ್ವನ ಮಾತು ನೆನಪಾಯಿತು. ದೊಡ್ಡವರ ಬುದ್ಧಿ ನೋಡಿ, ಅಳುವುದಕ್ಕೂ ಆಳು ಹಚ್ಚಿದ! ಚೆನ್ನಾಗಿ ಹಾಡ್ಯಾಡಿ ಅಳಬಲ್ಲ ಹೆಂಗಸರನ್ನು ಪರವೂರಿನಿಂದ ಕರೆಸಿ, ಜೋಳ ಕೊಟ್ಟು, ಯಮನಪ್ಪನ ಮಣ್ಣಿನ ಮುಂದೆ ಕೂರಿಸಿದ. ಅವರ ಸೆರಗು ತೊಯ್ದವು, ದೇಸಾಯಿಯ ಕಣ್ಣು ಹಾಗೇ ಉರಿಯಿತು.

ಕಡೆಗೆ ತಾನೇ ಬಂದ. ಮೇಣೆಯಿಂದಿಳಿದು, ‘ಏನ ಬೇಕ ನಿನಗ? ಹೊಲಾ ಬೇಕೋ, ಮನಿ ಬೇಕೋ?’ ಎಂದು ಕೇಳಿದ.

‘ಏನೂ ಬ್ಯಾಡ್ರಿ ದೇಸಾಯರ. ತಲಿ ಮ್ಯಾಲ ಬಟ್ಟಿ ಹೊದ್ದು, ಹೆಣ್ಮಕ್ಕಳಂಗ ನೆಲಾ ಬಡದು, ಅವನ ಗುಣಾ ಹಾಡ್ಯಾಡಿ ಅಳ್ರಿ’ ಎಂದಳು ಫಕೀರವ್ವ.

ಉರಿ ತಾಳಲಾರದೆ ಕುಳಿತ. ಆದರೆ ತಾನು ಕೊಲ್ಲಿಸಿದವನ ಒಂದು ಗುಣವೂ ಅವನಿಗೆ ಗೊತ್ತಿರಲಿಲ್ಲ. ‘ಅಂವಾ ಎಂಥಾವಿದ್ದ? ನೀನ ಹೇಳ’ ಎಂದು ಅಂಗಲಾಚಿದ. ಫಕೀರವ್ವ ಹೇಳಿದಳು, ಆದರೆ ದಿನಕ್ಕೆ ಒಂದೇ ಮಾತು. ಭಟ್ಟಿಯ ಸಂದಿಯಲ್ಲಿ ಗುಬ್ಬಿ ಗೂಡು ಕಟ್ಟಿದರೆ ಮರಿ ಹಾರುವವರೆಗೆ ಬೆಂಕಿ ಹಾಕುತ್ತಿರಲಿಲ್ಲ ಎಂದು ಒಂದು ದಿನ. ಸುಣ್ಣಕ್ಕೆ ಹೆಂಡತಿಯ ಕೈ ಬಿರಿದಾಗ ತಾನೇ ರೊಟ್ಟಿ ಬಡಿದು ಉಣಿಸುತ್ತಿದ್ದ ಎಂದು ಇನ್ನೊಂದು ದಿನ. ಅದನ್ನು ಹಾಡಿಕೊಂಡು ಅತ್ತರೆ ಆ ದಿನದ ಮಟ್ಟಿಗೆ ಕಣ್ಣು ತಂಪು. ಮರುದಿನ ಮತ್ತೆ ಒಣ, ಹಳೆಯ ಮಾತು ನಡೆಯದು. ಹೀಗೆ ಗಂಡನನ್ನು ಕಟ್ಟಿದ್ದ ಅದೇ ಬಿಸಿಲಿಗೆ, ಅದೇ ಬಂಡೆಯ ಬುಡಕ್ಕೆ, ದೇಸಾಯಿಯನ್ನು ದಿನದಿನವೂ ಬರಿಸಿದಳು. ಬೀಗರೂ ಬಂದು ನೋಡಿಹೋದರು. ಒಣಗಣ್ಣು ಕಿರಿದು ಮಾಡಿಕೊಂಡು ಎದುರು ಕೂತಿರುತ್ತಿದ್ದ ಫಕೀರವ್ವನಿಗೆ ಅದು ಹೋಳಿಗೆಯೂಟಕ್ಕಿಂತ ರುಚಿಯಾಗಿತ್ತು ಎನ್ನುತ್ತಾರೆ.

ಒಂದು ದಿನ ಅವಳು ಬಾಯಿ ತೆರೆಯುವ ಮೊದಲೇ ದೇಸಾಯಿ ನೆಲಕ್ಕೆ ಹಣೆ ಹಚ್ಚಿ, ‘ಸುಣ್ಣಾ ಹದಾ ಆಗಿಲ್ಲಂತ ನೀ ಅಂದಿದ್ದೆಪ್ಪಾ ಯಮನಪ್ಪಾ, ನಾ ಕೇಳಲಿಲ್ಲ. ತಪ್ಪು ನಂದು, ಸತ್ತಾವ ನೀನು’ ಎಂದು ತಾನಾಗಿಯೇ ಹಾಡ್ಯಾಡಿ ಅತ್ತ. ಅದನ್ನು ಕೇಳಿದ್ದೇ ಫಕೀರವ್ವನ ಎರಡೂ ಕಣ್ಣು ತುಂಬಿ ಹರಿದವು. ಸಂಜೆಯವರೆಗೆ ಅತ್ತು, ಗಂಡನನ್ನು ಮನಸಾರೆ ಕಳಿಸಿಕೊಟ್ಟಳು. ತಾನು ಪಾರಾದೆ ಎಂದುಕೊಂಡ ದೇಸಾಯಿ, ‘ಹಂಗಾರ ಮಾಫಿ ಆತೇನವ್ವಾ?’ ಎಂದ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. ‘ನನ್ನ ಅಳು ಮುಗೀತು. ನಿಂದು ನೀ ನೋಡ್ಕೊ’ ಎಂದವಳೇ ತವರಿನ ದಾರಿ ಹಿಡಿದಳು, ತಿರುಗಿ ನೋಡಲಿಲ್ಲ.

ಮರುದಿನ ದೇಸಾಯಿಯ ಕಣ್ಣು ಮತ್ತೆ ಬತ್ತಿತು. ಹೊಸ ಮಾತು ಹೇಳುವವರಿಲ್ಲ. ಸೀಮೆಯ ಒಡೆಯ ಮನೆಮನೆಯ ಬಾಗಿಲಿಗೆ ಹೋಗಿ, ‘ಯಮನಪ್ಪಂದು ಒಂದ ಮಾತು ಹೇಳ್ರೆವ್ವಾ’ ಎಂದು ಬೇಡತೊಡಗಿದ. ಯಾರೂ ತುಟಿ ಬಿಚ್ಚಲಿಲ್ಲ. ಕೊನೆಗೆ ಈ ತಗ್ಗಿನಲ್ಲೇ ಕಣ್ಣುಜ್ಜಿಕೊಳ್ಳುತ್ತ ಸತ್ತ. ಅವನು ಅತ್ತು ಅತ್ತು ತೊಯ್ಯಿಸಿದ ನೆಲದಲ್ಲಿ ಮುಂದಿನ ಮಳೆಗೆ ನಿಂತ ನೀರು ಮತ್ತೆ ಇಂಗಲಿಲ್ಲವಂತೆ.

ಇಂದಿಗೂ ಇಲ್ಲಿಗೆ ಬಂದವರು ನೀರಿಗೆ ಕೈ ಹಾಕುವ ಮೊದಲು ಊರವರೊಬ್ಬರಿಂದ ಯಮನಪ್ಪನ ಒಂದು ಗುಣ ಕೇಳಿಕೊಂಡು, ಅದನ್ನು ಗಟ್ಟಿಯಾಗಿ ಹೇಳಬೇಕು. ಹೂ ಮಾರುವವಳು, ಕುರಿ ಕಾಯುವವನು, ಶಾಲೆಗೆ ಹೊರಟ ಹುಡುಗಿಯರು, ಎಲ್ಲರ ಬಳಿಯೂ ಒಂದೊಂದು ಉಂಟು; ಒಬ್ಬನೇ ಮನುಷ್ಯನಲ್ಲಿ ಇಷ್ಟೊಂದು ಒಳ್ಳೆಯತನ ಇತ್ತೇ ಎಂದು ಕೇಳುವುದು ಇಲ್ಲಿನ ಪದ್ಧತಿಯಲ್ಲ. ಹೊಂಡಕ್ಕೆ ದೇಸಾಯಿಯ ಹೆಸರಿದೆಯಲ್ಲ, ಅವನದೂ ಒಂದು ಒಳ್ಳೆಯ ಗುಣ ಹೇಳಿ ಎಂದು ಯಾರಾದರೂ ಕೇಳಿದರೆ ಊರವರು ಕೊಂಚ ಯೋಚಿಸುತ್ತಾರೆ. ಆಮೇಲೆ, ‘ಇಲ್ಲಿ ಕುಂತು ಅತ್ತಾನಲ್ರೀ, ಅದೊಂದ’ ಎನ್ನುತ್ತಾರೆ.