ಬೆಳ್ಳುಳ್ಳಿ ತಿಂದ ಚುಕ್ಕಾಣಿಗ

"ಗುರುಗಳೇ, ಹಿರಿಯರು ಹೇಳಿದ್ದನ್ನು ನಂಬಬೇಕೋ, ಪರೀಕ್ಷೆ ಮಾಡಿ ನೋಡಬೇಕೋ?" ಎಂದು ಶಿಷ್ಯ ಕೇಳಿದ.

ಆ ವಾರದಲ್ಲಿ ಅದೇ ಪ್ರಶ್ನೆ ಮೂರನೆಯ ಸಲ. ಹಿಂದಿನ ಎರಡು ಸಲವೂ ಗುರುಗಳು "ಪರೀಕ್ಷೆ ಮಾಡಿ ನೋಡಬೇಕು" ಎಂದಿದ್ದರು. ಅವನು ತಲೆಯಾಡಿಸಿ ಹೋಗಿ, ಮತ್ತೆ ಬಂದಿದ್ದ. ಗುರುಗಳಿಗೆ ರೇಗಿತು. ಅವನನ್ನು ಕೂರಿಸಿ ಕತೆ ಹೇಳಿದರು.

ನಾನೂರು ವರ್ಷಗಳ ಹಿಂದೆ ಇಂಗ್ಲೆಂಡಿನ ಒಂದು ರೇವುಪಟ್ಟಣದಲ್ಲಿ ಒಬ್ಬ ವೈದ್ಯನಿದ್ದ. ರೋಗಿಗಳು ಹೋದ ಮೇಲೆ ಅವನಿಗೆ ಸೂಜಿಗಲ್ಲಿನದೇ ಹುಚ್ಚು. ಯಾವ ಕಲ್ಲು ಕಬ್ಬಿಣವನ್ನು ಸೆಳೆಯುತ್ತದೆ, ಯಾವುದನ್ನು ಉಜ್ಜಿದರೆ ಹುಲ್ಲುಕಡ್ಡಿ ಬಂದು ಅಂಟುತ್ತದೆ ಎಂದು ಹದಿನೇಳು ವರ್ಷ ನೋಡಿದ್ದ. ಕೈಯಾರೆ ಮಾಡಿ ನೋಡದ ಒಂದು ಮಾತನ್ನೂ ತನ್ನ ಪುಸ್ತಕದಲ್ಲಿ ಬರೆಯುತ್ತಿರಲಿಲ್ಲ.

ಒಂದು ಬೆಳಿಗ್ಗೆ ಒಬ್ಬ ಚುಕ್ಕಾಣಿಗ ಅವನ ಬಳಿಗೆ ಬಂದ. ಊಟದಲ್ಲಿ ಬೆಳ್ಳುಳ್ಳಿ ತಿಂದನೆಂದು ಹಡಗಿನ ಯಜಮಾನ ಅವನನ್ನು ಕೆಲಸದಿಂದ ತೆಗೆದಿದ್ದ. ಬೆಳ್ಳುಳ್ಳಿಯ ಉಸಿರು ತಾಗಿದರೆ ದಿಕ್ಸೂಚಿಯ ಮುಳ್ಳು ಶಕ್ತಿ ಕಳೆದುಕೊಳ್ಳುತ್ತದೆಂದು ಅಲ್ಲಿನ ನಾವಿಕರು ತಲತಲಾಂತರದಿಂದ ನಂಬಿದ್ದರು.

"ಇಪ್ಪತ್ತು ವರ್ಷದಿಂದ ಈ ರೇವಿನ ಬಂಡೆಗಳ ನಡುವೆ ಹಡಗು ದಾಟಿಸಿದ್ದೇನೆ, ಸ್ವಾಮಿ. ನಾಳೆ ನನ್ನನ್ನು ಬಿಟ್ಟು ಹೊರಡುತ್ತಾರೆ. ನೀವೊಂದು ಮಾತು ಹೇಳಿ" ಎಂದ.

ವೈದ್ಯ ಬರೀ ಮಾತು ಹೇಳುವವನಲ್ಲ. ಒಂದು ಬುಟ್ಟಿ ಬೆಳ್ಳುಳ್ಳಿ ಹೊತ್ತು ಹಡಗಿಗೇ ಹೋದ. ಯಜಮಾನನ ಕಣ್ಣೆದುರಿಗೇ ಅದನ್ನು ಜಜ್ಜಿ ದಿಕ್ಸೂಚಿಯ ಮುಳ್ಳಿಗೆ ಬಳಿದ. ಮುಳ್ಳು ಉತ್ತರಕ್ಕೇ ನಿಂತಿತು. ಬೆಳ್ಳುಳ್ಳಿ ಒಣಗಿರಬೇಕು ಎಂದ ಯಜಮಾನ. ವೈದ್ಯ ಹಸಿಯದನ್ನು ತರಿಸಿ ಬಳಿದ. ಬಳಿದರೆ ಏನೂ ಆಗದು, ತಿಂದು ಊದಿದರೆ ಆಗುತ್ತದೆ ಎಂದ ಯಜಮಾನ. ವೈದ್ಯ ಎಂಟು ಎಸಳು ಜಗಿದು, ಕಣ್ಣಲ್ಲಿ ನೀರು ಸುರಿಸುತ್ತ ಊದಿದ. ಮುಳ್ಳು ಕದಲಲಿಲ್ಲ.

"ಈಗ ನೋಡಿದಿರಾ?"

"ನೋಡಿದೆ, ವೈದ್ಯರೇ. ಆದರೆ ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರಲ್ಲ. ನಮ್ಮಜ್ಜ ಸುಳ್ಳು ಹೇಳುವ ಮನುಷ್ಯನಲ್ಲ."

ವೈದ್ಯನಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ಬೆಳಗಿನಿಂದ ತಾನು ಮಾಡಿದ್ದು ಪ್ರಮಾಣಿಸುವುದಲ್ಲದೆ ಮತ್ತೇನು? ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನಿಗೆ ನಾಲ್ಕನೆಯ ಕಾಲನ್ನು ಎಷ್ಟು ಸಲ ತೋರಿಸುವುದು? ಬುಟ್ಟಿ ಎತ್ತಿಕೊಂಡು ಇಳಿದು ಬಂದ. ದಡದಲ್ಲಿ ಕಾಯುತ್ತಿದ್ದ ಚುಕ್ಕಾಣಿಗನ ಮುಖ ನೋಡಲು ಅವನಿಗೆ ನಾಚಿಕೆಯಾಯಿತು.

ಮರುದಿನ ಹೊಸ ಚುಕ್ಕಾಣಿಗ ಹಡಗನ್ನು ರೇವಿನ ಬಾಯಲ್ಲೇ ಬಂಡೆಗೆ ಹತ್ತಿಸಿದ. ಯಜಮಾನನೂ ನಾವಿಕರೂ ಈಜಿ ದಡ ಸೇರಿದರು. ಮೈಯಿಂದ ನೀರು ತೊಟ್ಟಿಕ್ಕುತ್ತಿರುವಾಗಲೇ ಯಜಮಾನ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಬಾಯಿ ಮೂಸಿ ನೋಡಿದ.

ಶಿಷ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. "ಎಂಥ ಮೂಢ, ಗುರುಗಳೇ. ಬೆಳ್ಳುಳ್ಳಿಯಿಂದ ದಿಕ್ಸೂಚಿಗೆ ಏನೂ ಆಗುವುದಿಲ್ಲವೆಂದು ಅಷ್ಟಾದರೂ ಅವನಿಗೆ ತಿಳಿಯಲಿಲ್ಲವಲ್ಲ" ಎಂದ.

"ಆಗುವುದಿಲ್ಲವೆಂದು ನಿನಗೆ ಯಾರು ಹೇಳಿದರು?" ಎಂದರು ಗುರುಗಳು.

'ನೀವೇ' ಎನ್ನಲು ಬಾಯಿ ತೆರೆದ ಶಿಷ್ಯ, ಹಾಗೆಯೇ ಮುಚ್ಚಿದ.