ಒದ್ದೆ ಗರಿಗೆ ಅಪ್ಪಣೆ

ಕೆರೆಯಂಗಳದ ತಬ್ಬಲಿ ಮರಿಗಳನ್ನೆಲ್ಲ ಒಂದು ಟಿಟ್ಟಿಭ ಹಕ್ಕಿ ಸಾಕುತ್ತಿತ್ತು. ಬಿಸಿಲೇರಿದಾಗ ಅದು ಕೆರೆಗಿಳಿದು, ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮರಿಗಳ ಮೇಲೆ ಕೂರುತ್ತಿತ್ತು. ಆ ತಂಪಿನಲ್ಲಿ ಮರಿಗಳು ಬದುಕುತ್ತಿದ್ದವು.

ಚಳಿಗಾಲದಲ್ಲಿ ಹಿಮದ ನಾಡಿನಿಂದ ಹೆಬ್ಬಾತು ಬಂದಿತು. ಮರಿಗಳನ್ನು ಕಂಡು ಅದಕ್ಕೆ ನಿಜವಾಗಿಯೂ ಕರುಣೆ ಹುಟ್ಟಿತು. ತನ್ನ ಎದೆಯ ತುಪ್ಪುಳವನ್ನೇ ಕಿತ್ತು ಗೂಡಿಗೆ ಹಾಸಿ, "ಇನ್ನು ಈ ಗೂಡು ನನ್ನ ಹೊಣೆ. ಒದ್ದೆ ಗರಿ ಮರಿಗಳಿಗೆ ತಾಗಕೂಡದು. ನಮ್ಮಲ್ಲಿ ಒದ್ದೆಯಾದ ಮರಿ ಬೆಳಗು ಕಾಣುವುದಿಲ್ಲ," ಎಂದಿತು.

"ಇಲ್ಲಿಯ ಬೇಸಿಗೆ ನೀವು ನೋಡಿಲ್ಲ, ಅಮ್ಮಾ," ಎಂದಿತು ಟಿಟ್ಟಿಭ.

"ಹಿಮಬೆಟ್ಟ ದಾಟಿ ಬಂದವಳಿಗೆ ಕೆರೆ ಏರಿ ದಾಟದವಳು ಪಾಠ ಹೇಳುತ್ತಾಳೆ!" ಎಂದು ದಡದಲ್ಲಿದ್ದ ಬೆಳ್ಳಕ್ಕಿ ನಕ್ಕಿತು.

ಆ ಚಳಿಯಲ್ಲಿ ಮರಿಗಳು ಬೆಚ್ಚಗೆ ಮಲಗಿದವು.

ಬೇಸಿಗೆಗೆ ಮುಂಚೆ ಹೆಬ್ಬಾತು ತನ್ನ ನಾಡಿಗೆ ಮರಳಿತು. ಚೈತ್ರದ ಬಿಸಿಲಿಗೆ ತುಪ್ಪುಳದ ಗೂಡು ಕಾದು, ಮರಿಗಳು ಬಾಯಿ ಬಿಟ್ಟವು. ಟಿಟ್ಟಿಭ ಕೆರೆಗಿಳಿದು, ನೀರು ತೊಟ್ಟಿಕ್ಕುತ್ತ ಓಡಿ ಬಂದಿತು.

"ಒಡತಿಯ ಅಪ್ಪಣೆ ಇದೆಯೆ?" ಎಂದು ಬೆಳ್ಳಕ್ಕಿ ತಡೆಯಿತು. "ತುಪ್ಪುಳ ಕೆಟ್ಟರೆ ಆಕೆ ಮತ್ತೆ ಈ ಕಡೆ ತಲೆ ಹಾಕುವುದಿಲ್ಲ, ನೋಡು."

ಟಿಟ್ಟಿಭ ಗೂಡಿನ ಅಂಚಿನಲ್ಲೇ ಯೋಚಿಸುತ್ತ ನಿಂತಿತು. ನಿಂತಲ್ಲೇ ಅದರ ಗರಿ ಒಣಗಿತು. ಸಂಜೆಗೆ ಒಂದು ಮರಿಯೂ ಕತ್ತೆತ್ತಲಿಲ್ಲ.

ಮರುವರ್ಷ ಬಂದ ಹೆಬ್ಬಾತು ಬರಿಗೂಡು ಕಂಡು ಅತ್ತಿತು. "ಅಯ್ಯೋ, ಇಲ್ಲಿಯವಳು ನೀನು. ನಿನಗಾದರೂ ತಿಳಿಯಲಿಲ್ಲವೆ?"

"ತಿಳಿದಿತ್ತು," ಎಂದಿತು ಟಿಟ್ಟಿಭ. "ತಿಳಿದೂ ನಿಮ್ಮ ಅಪ್ಪಣೆಗೆ ಕಾದೆ."